ಪಾದಕ್ಕೆ ಎಣ್ಣೆ

ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗೋಡೆಗೆ ಚರ್ಚಿನ ಕ್ಯಾಲೆಂಡರ್ ಇದೆ, ಎದುರಿನ ಗೋಡೆಗೆ ನನ್ನ ಗಂಡ ಬರೆದ ಋತುಚಾರ್ಟ್ ಇದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೇಲ್ ಹಿಡಿದು ಎಳೆದ ಆರು ಅಂಕಣ. ವಸಂತಕ್ಕೆ ಹಸಿರು ಮಸಿ, ಗ್ರೀಷ್ಮಕ್ಕೆ ಕೆಂಪು, ವರ್ಷಕ್ಕೆ ನೀಲಿ, ಹೀಗೆ. ಯಾವ ಋತುವಿನಲ್ಲಿ ಏನು ಉಣ್ಣಬೇಕು, ಏನು ಬಿಡಬೇಕು, ಎಂಥ ನೀರು ಕುಡಿಯಬೇಕು, ಹಗಲು ಮಲಗಬಹುದೋ ಇಲ್ಲವೋ, ಎಲ್ಲ ಅದರಲ್ಲಿದೆ. ಅಕ್ಷರ ಮುತ್ತು ಪೋಣಿಸಿದಂತಿವೆ. ಮನೆಗೆ ಬಂದವರು ಮೊದಲು ಅದನ್ನೇ ಹೊಗಳುತ್ತಾರೆ, ಆಮೇಲೆ ಕುರ್ಚಿಯಲ್ಲಿ ಕೂತ ನಮ್ಮವರ ಕಾಲಿನ ಕಡೆ ನೋಡಿ ಮಾತು ಬದಲಿಸುತ್ತಾರೆ. ಅದನ್ನು ಹರಿದು ಬಚ್ಚಲ ಒಲೆಗೆ ಹಾಕಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹಾಕಿಲ್ಲ. ಯಾಕೆ ಹಾಕಿಲ್ಲವೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ನರ್ಸು. ಈಗ ನಿವೃತ್ತಳು. ನಮ್ಮದು ಚರ್ಚಿನ ಮನೆತನ. ಅಜ್ಜಿ ಮಿಷನ್ ಕಾಲದ ದವಾಖಾನೆಯಲ್ಲಿ ಆಯಾ ಆಗಿದ್ದಳು, ಅವ್ವ ನರ್ಸಾದಳು, ನಾನೂ ಅದೇ ದಾರಿ ಹಿಡಿದೆ. ಸರ್ವಿಸಿನ ಕೊನೆಯ ವರ್ಷಗಳನ್ನು ಭಾಲ್ಕಿಯ ಆಸ್ಪತ್ರೆಯಲ್ಲಿ ಕಳೆದೆ. ದಿನಾ ಚಿದ್ರಿಯಿಂದ ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಬಸ್ಸಿನಲ್ಲಿ ಭಾಲ್ಕಿಗೆ. ಅಲ್ಲಿ ನನಗೆ ಸಕ್ಕರೆ ಕಾಯಿಲೆ, ಬಿಪಿ ಇದ್ದವರನ್ನು ನೋಡುವ ವಿಭಾಗ ಕೊಟ್ಟಿದ್ದರು. ಬಂದವರ ತೂಕ ನೋಡುವುದು, ಬಿಪಿ ನೋಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಕಾಲು ನೋಡುವುದು ನನ್ನ ಕೆಲಸ. ಚಪ್ಪಲಿ ಬಿಡಿಸಿ, ಅಂಗಾಲು ತಿರುಗಿಸಿ, ಬೆರಳ ಸಂದು ಬಿಡಿಸಿ ನೋಡಬೇಕು. ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ಗೊತ್ತಾಯಿತೇ ಎಂದು ಕೇಳಬೇಕು. ಎಷ್ಟೋ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ದೊಡ್ಡ ಮೋಸವೆಂದರೆ ನೋವಾಗದೇ ಇರುವುದು. ಮುಳ್ಳು ಚುಚ್ಚಿದರೂ ಕಾಲು ಹೇಳುವುದಿಲ್ಲ. ಕಾಲು ಹೇಳದ್ದನ್ನು ಕಣ್ಣು ಹೇಳಬೇಕು, ಆದ್ದರಿಂದ ದಿನಾ ಸಂಜೆ ಮನೆಯಲ್ಲಿ ಯಾರಿಗಾದರೂ ಕಾಲು ತೋರಿಸಿರಿ ಎಂದು ನಾನು ಸಾವಿರ ಸಲ ಹೇಳಿದ್ದೇನೆ. ಹೊಲದಿಂದ ಬಂದ ಹೆಂಗಸರಿಗೆ, ನಿಮ್ಮ ಗಂಡನ ಕಾಲು ನೀವೇ ನೋಡಿರಿ, ಅದರಲ್ಲಿ ನಾಚಿಕೆಯೇನು ಎಂದು ಗದರಿಸಿಯೂ ಹೇಳಿದ್ದೇನೆ.

ಮನೆಯವರು ಸಂತಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಚಾರ್ಟ್ ಬರೆಯುವುದರಲ್ಲಿ ಅವರನ್ನು ಮೀರಿಸಿದವರು ಔರಾದ ತಾಲೂಕಿನಲ್ಲೇ ಇರಲಿಲ್ಲ. ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ, ಹೂವಿನ ಭಾಗಗಳು, ಎಲ್ಲ ಅವರ ಕೈಯದೇ. ಸಂತಪುರದ ಅಷ್ಟೂ ಮಕ್ಕಳು ಅವರು ಬರೆದ ಹೃದಯವನ್ನೇ ನೋಡಿ ಬರೆದು ಹತ್ತನೆಯ ಇಯತ್ತೆ ಪಾಸಾದರು. ನಿವೃತ್ತಿಯಾದ ವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ನಾನೇ ರಕ್ತ ತೆಗೆದು ನೋಡಿದೆ, ನಾನೇ ಡಾಕ್ಟರ ಬಳಿ ಕರೆದೊಯ್ದೆ, ನಾನೇ ಬೆಳಗ್ಗೆ ಗುಳಿಗೆ, ನೀರು ಹಿಡಿದು ಎದುರು ನಿಂತೆ. ಅದೇ ತಪ್ಪಾಯಿತೋ ಏನೋ. ಮೂವತ್ತು ವರ್ಷ ತರಗತಿಯಲ್ಲಿ ಎಲ್ಲರನ್ನೂ ಎದ್ದು ನಿಲ್ಲಿಸಿದ ಮನುಷ್ಯನಿಗೆ ಹೆಂಡತಿ ಎದುರು ಬಾಯಿ ತೆರೆದು ನಿಲ್ಲುವುದು ಕಷ್ಟ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವನು ನರ್ಸನ್ನು ಮದುವೆಯಾದವನೇ ಇರಬೇಕು.

ಔರಾದದಲ್ಲಿ ಅವರ ಹಳೆಯ ಸಹೋದ್ಯೋಗಿ ಒಬ್ಬರಿದ್ದರು. ನಿವೃತ್ತಿಯ ಮೇಲೆ ಆರೋಗ್ಯದ ಹುಚ್ಚು ಹಿಡಿಸಿಕೊಂಡು ಭಾನುವಾರ ಬೆಳಗ್ಗೆ ಒಂದು ಶಿಬಿರ ನಡೆಸುತ್ತಿದ್ದರು. ಅವರೇನು ವೈದ್ಯರಲ್ಲ, ನಾಲ್ಕು ಪುಸ್ತಕ ಓದಿದ್ದರು, ದನಿ ದೊಡ್ಡದಿತ್ತು. ನಮ್ಮವರು ಒಂದು ಭಾನುವಾರ ಹೋಗಿ ಬಂದರು, ಮತ್ತೊಂದು ಭಾನುವಾರ ಹೋದರು, ಆಮೇಲೆ ಚರ್ಚು ತಪ್ಪಿಸಿ ಪ್ರತಿ ಭಾನುವಾರ ಔರಾದದ ಬಸ್ಸು ಹತ್ತಿದರು. ಗುರುಗಳಿಗೆ ಬೇರೆ ದೇವರು ಸಿಕ್ಕನೇನು ಎಂದು ನಮ್ಮ ಪಾಸ್ಟರ್ ನನ್ನನ್ನು ನಗುತ್ತ ಕೇಳಿದರು. ಸಿಕ್ಕಿದ್ದು ದೇವರಲ್ಲ, ಋತುಚರ್ಯೆ. ಹಿಂದಿನವರು ಋತು ನೋಡಿ ಉಂಡರು, ಋತು ನೋಡಿ ಮಲಗಿದರು, ಆದ್ದರಿಂದ ಗುಳಿಗೆ ನುಂಗದೆ ಬಾಳಿದರು ಎನ್ನುವುದು ಅದರ ಸಾರ. ಹಿಂದಿನವರು ಐವತ್ತಕ್ಕೆ ಹೋಗುತ್ತಿದ್ದರು, ಅದಕ್ಕೇ ಗುಳಿಗೆಯ ಪ್ರಸಂಗ ಬರಲಿಲ್ಲ ಎಂದು ನಾನು ಅಂದೆ. ಅವರು ಸ್ಕೇಲ್ ಹುಡುಕುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ.

ಚಾರ್ಟ್ ಗೋಡೆಗೇರಿದ್ದು ವಸಂತದಲ್ಲಿ. ಬೆಳಗ್ಗೆ ಬೇವಿನ ಚಿಗುರು ಅರೆದ ರಸ, ಹಳೆಯ ಜೋಳದ ರೊಟ್ಟಿ, ಹೆಸರುಬೇಳೆಯ ತೊವ್ವೆ. ಸಿಹಿ ಇಲ್ಲ, ಮೊಸರಿಲ್ಲ, ಹಗಲು ನಿದ್ದೆ ಇಲ್ಲ. ಕಡಲೆಹಿಟ್ಟು ಹಚ್ಚಿ ಮೈ ತಿಕ್ಕಿ ಸ್ನಾನ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಿಯಮಕ್ಕೂ ಒಂದು ಸಾಲು ಹಾಕಿ, ಪಾಲಿಸಿದ ದಿನ ಅದರ ಮುಂದೆ ಕೆಂಪು ಟಿಕ್ ಹಾಕುತ್ತಿದ್ದರು, ಹೋಮ್‌ವರ್ಕ್ ತಿದ್ದಿದ ಹಾಗೆ. ಎರಡು ತಿಂಗಳಲ್ಲಿ ಸಕ್ಕರೆ ಇಳಿಯಿತು, ಹೊಟ್ಟೆ ಕರಗಿತು. ಕಲಬುರ್ಗಿಯಿಂದ ಬಂದ ಮಗಳು, ಪಪ್ಪಾ ಎಷ್ಟು ಸಣ್ಣಗಾಗಿದ್ದಾರೆ ಎಂದು ಹಿಗ್ಗಿದಳು. ಸುಳ್ಳೇಕೆ ಹೇಳಲಿ, ನಾನೂ ಹಿಗ್ಗಿದೆ. ಸಕ್ಕರೆ ಹಾಕಿದ ಆರು ಕಪ್ ಚಹಾ, ಸಂಜೆಯ ಖಾರಿ, ಬಿಸ್ಕೀಟು ನಿಂತರೆ ಯಾರಿಗಾದರೂ ಇಳಿಯುತ್ತದೆ. ಜೊತೆಗೆ ಗುಳಿಗೆಯೂ ಹೊಟ್ಟೆಯಲ್ಲಿತ್ತು. ಆದರೆ ಕೀರ್ತಿ ಪೂರಾ ಬೇವಿಗೆ ಹೋಯಿತು.

ಬೇಸಿಗೆ ನಡುವೆ ಒಂದು ಬೆಳಗ್ಗೆ ಅವರು ನನ್ನ ಕೈಯ ಗುಳಿಗೆ ತೆಗೆದುಕೊಳ್ಳದೆ, ನೀರು ಮಾತ್ರ ಕುಡಿದು ಲೋಟ ಕೊಟ್ಟರು. ಇನ್ನು ಬೇಡ ಅಂದರು. ನಾನು ಜಗಳವಾಡಿದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಭಾಲ್ಕಿಯಲ್ಲಿ ನನಗೆ ಗೊತ್ತಿದ್ದ ಒಬ್ಬ ಆಯುರ್ವೇದ ವೈದ್ಯೆಯ ಬಳಿ ಕರೆದೊಯ್ದೆ, ನನ್ನ ಮಾತು ಬೇಡವೆಂದರೆ ಅವರದೇ ಶಾಸ್ತ್ರ ಓದಿದವಳ ಮಾತಾದರೂ ಕೇಳಲಿ ಎಂದು. ಚಿಕ್ಕ ವಯಸ್ಸಿನ ಹುಡುಗಿ, ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ, ಋತುಚರ್ಯೆ ಅನ್ನೋದು ಆರಾಮ ಇದ್ದವರು ಆರಾಮ ಉಳೀಲಿಕ್ಕೆ ಹೇಳಿದ್ದರಿ. ನಿಮಗ ರೋಗ ಅದ. ಊಟ ನೀವು ಹೇಳಿದ್ಹಂಗ ಮಾಡ್ರಿ, ಛಲೋ ಅದ. ಗುಳಗಿ ಬಿಡಬ್ಯಾಡ್ರಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಹುಡುಗಿ ಇನ್ನೂ ಸಣ್ಣವಳು, ಅನುಭವ ಸಾಲದು ಅಂದರು. ನನಗೆ ಅನುಭವವಿತ್ತಲ್ಲ, ನನ್ನ ಮಾತು ಯಾಕೆ ನಡೆಯಲಿಲ್ಲ ಎಂದು ನಾನು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ಮಳೆಗಾಲ ಬಂತು ಎಂದು ಚಾರ್ಟ್ ಹೇಳಿತು. ಬೀದರಿನ ಆಕಾಶಕ್ಕೆ ಅದು ಗೊತ್ತಿರಲಿಲ್ಲ. ಶ್ರಾವಣದಲ್ಲಿ ಬಿಸಿಲು ಬೆನ್ನು ಸುಡುತ್ತಿತ್ತು. ಇವರು ಮಾತ್ರ ವರ್ಷ ಋತುವಿನ ಅಂಕಣದ ಪ್ರಕಾರ ಶುಂಠಿ ಹಾಕಿ ಕುದಿಸಿದ ನೀರು ಕುಡಿದು ಬೆವರು ಸುರಿಸುತ್ತ ಕೂತಿದ್ದರು. ಚಾರ್ಟ್ ಶರದ್ ಋತುವಿಗೆ ಬಂದಾಗ ಮಳೆ ಹೊಡೆಯಲು ಶುರು ಮಾಡಿತು. ಹೊಲದ ಸೋಯಾ, ಉದ್ದು ಕೊಳೆಯುವಷ್ಟು ಹೊಡೆಯಿತು. ಶರದ್ ಋತುವಿನಲ್ಲಿ ಸಂಜೆ ಬೆಳದಿಂಗಳಲ್ಲಿ ಕೂರಬೇಕಂತೆ. ಇವರು ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದುಕೊಂಡು ಕೂತರು. ಓಣಿಯವರೆಲ್ಲ ನೋಡಿ ನಕ್ಕರು. ಕೆಳಗಿನಿಂದ ನಾನು, ಚಂದ್ರ ಬಂದನೇನು, ಚಹಾ ಕಳಿಸಲೇನು ಎಂದು ಕೂಗಿದೆ. ಅವರೂ ನಕ್ಕರು. ಆ ವರ್ಷ ನಾವಿಬ್ಬರೂ ಕೂಡಿ ನಕ್ಕಿದ್ದು ಅದೊಂದೇ ನೆನಪಿದೆ.

ನಿಮ್ಮ ಪುಸ್ತಕದ ಋತು ಬೇರೆ, ನಮ್ಮ ಊರಿನ ಋತು ಬೇರೆ, ಪುಸ್ತಕ ಬರೆದವರು ಈಗ ಇದ್ದಿದ್ದರೆ ಅವರೇ ತಿದ್ದಿ ಬರೆಯುತ್ತಿದ್ದರು ಎಂದೆ. ಅದು ಅವರಿಗೆ ತಟ್ಟಿತು, ವಿಜ್ಞಾನದ ಮೇಷ್ಟ್ರಲ್ಲವೇ. ಸ್ವಲ್ಪ ಹೊತ್ತು ಚಾರ್ಟ್ ಮುಂದೆ ನಿಂತರು. ಆದರೆ ತಿದ್ದಲಿಲ್ಲ. ಮಸಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿದರೆ ಶೀಟು ಕೆಡುತ್ತದೆ ಅಂದರು.

ದೀಪಾವಳಿ ಮುಗಿದು ತಿಂಗಳಿಗೆ ಹೇಮಂತ ಹತ್ತಿತು. ಈ ಒಂದು ಋತು ಮಾತ್ರ ಚಾರ್ಟಿಗೂ ಬೀದರಿಗೂ ಕೂಡಿ ಬಂತು, ಥಂಡಿ ಜೋರಾಗಿ ಬಿತ್ತು. ಒಂದು ಸಂಜೆ ನಾನು ಭಾಲ್ಕಿಯಿಂದ ಬಂದಾಗ ಕತ್ತಲಾಗುತ್ತಿತ್ತು. ಆ ದಿನ ನನ್ನ ಟೇಬಲ್ಲಿಗೆ ತೀರ ಹೆಚ್ಚು ಜನ ಬಂದಿದ್ದರು. ಒಬ್ಬ ಮುದುಕನ ಹಿಮ್ಮಡಿಯಲ್ಲಿ ಹುಳ ಬಿದ್ದಿತ್ತು, ತೊಳೆದು ಕಟ್ಟಿ ಬಂದಿದ್ದೆ. ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಬಾಗಿಲು ತೆಗೆದರೆ ನಮ್ಮವರು ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಪಕ್ಕದಲ್ಲಿ ಹಿತ್ತಾಳೆ ಬಟ್ಟಲಲ್ಲಿ ಎಳ್ಳೆಣ್ಣೆ ಬೆಚ್ಚಗೆ ಮಾಡಿಟ್ಟುಕೊಂಡು ಕಾಯುತ್ತಿದ್ದರು.

"ಬಾ, ಕೂಡು ಇಲ್ಲಿ. ಹೇಮಂತದಾಗ ದಿನಾ ಪಾದಕ್ಕ ಎಣ್ಣಿ ತಿಕ್ಕಬೇಕಂತ. ನನಗ ಬಗ್ಗಿ ತಿಕ್ಕಲಿಕ್ಕ ಆಗವಲ್ದು. ನೀ ತಿಕ್ಕು" ಅಂದರು.

ನನಗೆ ಹೇಗೆ ಸಿಟ್ಟು ಬಂತೆಂದು ಈಗಲೂ ನೆನಪಿದೆ. ಬ್ಯಾಗು ಕೂಡ ಕೆಳಗಿಡಲಿಲ್ಲ. ನಾನು ಹೇಳಿದ ಗುಳಿಗೆ ಬೇಡ, ನಾನು ಹೇಳಿದ ವೈದ್ಯೆ ಬೇಡ, ನನ್ನ ಮೂವತ್ತು ವರ್ಷದ ವಿದ್ಯೆ ಬೇಡ. ಕಾಲು ತಿಕ್ಕಲು ಮಾತ್ರ ನಾನು ಬೇಕು.

"ಮುಂಜಾನಿಂದ ಮಂದಿ ಕಾಲೇ ನೋಡಿ ಬಂದೀನ್ರಿ. ಗುಳಗಿ ನುಂಗ್ರಿ, ಆಮ್ಯಾಲ ಎಣ್ಣಿ ತಿಕ್ತೇನಿ. ಅಲ್ಲೀತನಕ ನಿಮ್ಮ ಕಾಲು ನಿಮ್ಮ ಚಾರ್ಟೇ ನೋಡ್ಲಿ" ಅಂದೆ.

ಅವರು ಕಾಲು ಕೆಳಗಿಳಿಸಿ, ಬಟ್ಟಲಿಗೆ ಒಂದು ತಟ್ಟೆ ಮುಚ್ಚಿ, ಅಡುಗೆಮನೆಯಲ್ಲಿಟ್ಟು ಬಂದರು. ಮರುದಿನ ಆ ಎಣ್ಣೆಯಲ್ಲಿ ನಾನು ಒಗ್ಗರಣೆ ಹಾಕಿದೆ. ಗೆದ್ದೆ ಎಂದುಕೊಂಡಿದ್ದೆ. ಅವರು ಮತ್ತೆ ಕೇಳಲಿಲ್ಲ, ನಾನೂ ಮತ್ತೆ ಆ ಮಾತು ಎತ್ತಲಿಲ್ಲ.

ಎಣ್ಣೆ ಹಚ್ಚಲು ಬಗ್ಗಬೇಕು. ಬಗ್ಗಿದರೆ ಕಾಲು ಕಾಣುತ್ತದೆ. ಅವರ ಆರು ಅಂಕಣದ ನಿಯಮಗಳಲ್ಲಿ ನನ್ನ ಟೇಬಲ್ಲಿನ ಕೆಲಸಕ್ಕೆ ಸರಿಸಮ ಇದ್ದದ್ದು ಅದೊಂದೇ. ಸಾವಿರ ಹೆಂಗಸರಿಗೆ ನಾನು ಗದರಿಸಿ ಹೇಳಿದ್ದೂ ಅದನ್ನೇ. ಅದು ನನಗೆ ಆ ಸಂಜೆ ಹೊಳೆಯಲಿಲ್ಲ. ನನ್ನ ಮಾತನ್ನು ಅವರ ಬಾಯಲ್ಲಿ ಕೇಳಿದಾಗ ನನಗೆ ಗುರುತೇ ಸಿಗಲಿಲ್ಲ.

ಆ ಚಳಿಗಾಲದಲ್ಲಿ ಔರಾದದ ಶಿಬಿರದಿಂದ ಹೊಸದೊಂದು ಬಂತು. ಬೆಳಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ನರಗಳಿಗೆ ಬಲ ಬರುತ್ತದೆ ಎಂದು ಆ ಸಹೋದ್ಯೋಗಿ ಹೇಳಿದ್ದರು. ಮುಂದೊಂದು ದಿನ ನಾನು, ನಮ್ಮವರು ಚಾರ್ಟ್ ಬರೆಯಲು ಬಳಸಿದ್ದ ಪುಸ್ತಕವನ್ನೇ ತೆಗೆದು ಓದಿದೆ. ಪಾದರಕ್ಷೆ ಹಾಕಿಕೊಂಡೇ ನಡೆಯಬೇಕು, ಅದು ಕಾಲಿಗೂ ಕಣ್ಣಿಗೂ ಹಿತ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಶಾಸ್ತ್ರ ಹೇಳಿದ್ದು ಒಂದು, ಶಿಬಿರದಲ್ಲಿ ಹೇಳಿದ್ದು ಇನ್ನೊಂದು. ನಮ್ಮವರಿಗೆ ಎರಡೂ ಒಂದೇ ಗೋಡೆಯ ಮೇಲಿದ್ದವು. ನಮ್ಮ ಓಣಿಯ ಕೊನೆಯಲ್ಲಿ ಒಂದು ಖುಲ್ಲಾ ಜಾಗವಿದೆ, ದಿನಾ ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅರ್ಧ ಗಂಟೆ ನಡೆಯುತ್ತಿದ್ದರು. ಬಂದ ಮೇಲೆ ಕಾಲು ಒರೆಸಿ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಹೇಮಂತದಲ್ಲಿ ಮೈ ಬೆಚ್ಚಗಿಡಬೇಕಂತೆ. ಹಾಕಿದ ಕಾಲುಚೀಲ ಮರುದಿನ ಬೆಳಗ್ಗೆಯೇ ತೆಗೆಯುವುದು, ಬಗ್ಗಲಾಗದ್ದರಿಂದ ಅಂಗಾಲು ಅವರಿಗೂ ಕಾಣುತ್ತಿರಲಿಲ್ಲ. ಥಂಡಿ ಹತ್ತುತ್ತಿಲ್ಲ ನೋಡು, ಇಬ್ಬನಿಯೂ ತಣ್ಣಗೆ ಅನ್ನಿಸುತ್ತಿಲ್ಲ, ಶಕ್ತಿ ಬಂದಿದೆ ಎಂದು ಒಂದು ದಿನ ಅವರು ಹೆಮ್ಮೆಯಿಂದ ಹೇಳಿದರು.

ಈ ಮಾತನ್ನು ಭಾಲ್ಕಿಯ ನನ್ನ ಟೇಬಲ್ ಮುಂದೆ ಯಾರಾದರೂ ಹೇಳಿದ್ದರೆ ನಾನು ಅವರನ್ನು ಅಲ್ಲೇ ಕೂರಿಸಿ ಚಪ್ಪಲಿ ಬಿಡಿಸುತ್ತಿದ್ದೆ. ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ಹೂಂ ಅಂದೆ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕತ್ತಲನ್ನು ಸಿಟ್ಟಿನಿಂದ ನಾನೇ ಇಟ್ಟುಕೊಂಡಿದ್ದೆ.

ಎಳ್ಳಮಾವಾಸ್ಯೆಗೆ ಚಿಂತಾಕಿಗೆ ಹೋದೆವು. ಅಲ್ಲಿ ಅವರ ಅಣ್ಣನ ಹೊಲವಿದೆ. ಚರ್ಚಿಗೆ ಹೋಗುವವರಾದರೂ ಆ ದಿನ ಹೊಲಕ್ಕೆ ಹೋಗಿ ಉಣ್ಣುವುದನ್ನು ನಮ್ಮ ಮನೆತನ ಬಿಟ್ಟಿಲ್ಲ. ಬೀದರ ಸೀಮೆಯಲ್ಲಿ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ. ಹಸಿ ಕಾಳು, ತರಕಾರಿ ಎಲ್ಲ ಕೂಡಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ. ಹೇಮಂತದಲ್ಲಿ ಜಠರಾಗ್ನಿ ಪ್ರಬಲ, ಸಿಹಿ, ಎಣ್ಣೆ, ಹೊಸ ಧಾನ್ಯ ಏನು ಉಂಡರೂ ಅರಗುತ್ತದೆ ಎಂದು ಚಾರ್ಟಿನಲ್ಲಿತ್ತು. ಬೇಸಿಗೆಯಲ್ಲಿ ಚಾರ್ಟೇ ಸಿಹಿ ಪಾನಕ ಎಂದಿದ್ದಾಗ, ನನಗೆ ಇದು ಬೇಡ ಎಂದು ತಾವೇ ಬಿಟ್ಟಿದ್ದ ಮನುಷ್ಯ, ಈಗ ಮೂರು ಹೋಳಿಗೆ ತುಪ್ಪದಲ್ಲಿ ಅದ್ದಿ ತಿಂದರು. ವಾರಿಗಿತ್ತಿ ನಾಲ್ಕನೆಯದನ್ನು ಬಡಿಸಿದಳು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಉಂಡ ಮೇಲೆ ಅವರು ಹೊಲ ಸುತ್ತುತ್ತೇನೆಂದು ಬರಿಗಾಲಲ್ಲಿ ಹೊರಟರು. ಜೋಳ ಎದೆಮಟ್ಟ ನಿಂತಿತ್ತು. ಅದರ ಪಕ್ಕದಲ್ಲಿ ತೊಗರಿ ಕೊಯ್ದಿದ್ದರು. ಕೊಯ್ದ ತೊಗರಿಯ ಬುಡ ನೆಲದಿಂದ ಗೇಣುದ್ದ ಮೇಲೆ ಓರೆಯಾಗಿ ಮೊನಚಾಗಿ ನಿಂತಿರುತ್ತದೆ. ಚಪ್ಪಲಿ ಹಾಕಿದವರೂ ನೋಡಿ ನಡೆಯಬೇಕು. ಅವರು ಆಕಾಶ ನೋಡುತ್ತ ನಡೆದರು. ವಾಪಸು ಬಂದು, ಕರಿಮಣ್ಣು ಮೆತ್ತಿದ ಕಾಲು ತೊಳೆದು, ಕಾಲುಚೀಲ ಹಾಕಿಕೊಂಡರು. ಅವರಿಗೆ ಏನೂ ಆಗಿರಲಿಲ್ಲ. ಅಂದರೆ, ಏನೂ ಗೊತ್ತಾಗಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಪಡಸಾಲೆಯಲ್ಲಿ ಸತ್ತ ಇಲಿಯ ವಾಸನೆ ಬಂತು. ನಾನು ಹಿಟ್ಟಿನ ಡಬ್ಬಿ ಸರಿಸಿ ನೋಡಿದೆ, ಮಂಚದ ಕೆಳಗೆ ನೋಡಿದೆ, ಮೋರಿಗೆ ಫಿನಾಯಿಲ್ ಸುರಿದೆ. ಎರಡು ದಿನ ಇಲಿ ಹುಡುಕಿದೆ. ಮೂವತ್ತು ವರ್ಷ ಆ ವಾಸನೆಯನ್ನು ಆಸ್ಪತ್ರೆಯಲ್ಲಿ ಬಾಗಿಲಿನಿಂದಲೇ ಗುರುತು ಹಿಡಿದ ಮೂಗು ಇದು. ಮನೆಯಲ್ಲಿ ಅದಕ್ಕೆ ಇಲಿ ಸತ್ತಂತೆ ಅನ್ನಿಸಿತು. ಮೂರನೆಯ ದಿನ ಬೆಳಗ್ಗೆ ಅವರಿಗೆ ಜ್ವರ ಬಂತು. ಹೊದಿಕೆ ಸರಿಸಿದಾಗ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಯಿತು. ಎಡಗಾಲಿನ ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ಒಳಗೆ ತೊಗರಿಯ ಬುಡದ ಒಂದು ಚೂರು ಇನ್ನೂ ಇತ್ತು. ಸುತ್ತ ಕಪ್ಪಾಗಿತ್ತು.

ನನ್ನ ಕೈ ರೂಢಿಯಂತೆ ಗಾಯ ತೊಳೆಯತೊಡಗಿತು. ಅವರು ತಲೆದಿಂಬಿನಿಂದ ತಲೆಯೆತ್ತಿ, ಏನದು ಎಂದು ಕೇಳಿದರು. ಮುಳ್ಳು ಅಂದೆ.

ಬೀದರಿನ ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದಾಗ ಯಂತ್ರ ನಂಬರನ್ನೇ ತೋರಿಸಲಿಲ್ಲ, ಅಷ್ಟು ಏರಿತ್ತು. ನನಗೆ ಹಿಂದಿನಿಂದ ಪರಿಚಯವಿದ್ದ ಸರ್ಜನ್ ಬಂದು ಗಾಯ ನೋಡಿದರು, ಮೂಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಸಿಸ್ಟರ್, ನೀವಿದ್ದೂ ಹಿಂಗ್ಯಾಕಾತ್ರಿ?" ಅಂದರು.

ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ಆ ಮಾತು ಈಗಲೂ ನನ್ನನ್ನು ಸಂತೆಯಲ್ಲಿ, ಚರ್ಚಿನಲ್ಲಿ, ಎಲ್ಲೆಂದರಲ್ಲಿ ಹಿಡಿದು ನಿಲ್ಲಿಸುತ್ತದೆ. ಮೊದಲು ಎರಡು ಬೆರಳು ತೆಗೆದರು. ವಾರದ ಮೇಲೆ ಮೊಣಕಾಲಿನ ಕೆಳಗೆ ತೆಗೆದರು. ಒಪ್ಪಿಗೆಯ ಕಾಗದಕ್ಕೆ ನಾನೇ ಸಹಿ ಹಾಕಿದೆ. ಬೇರೆಯವರ ಹೆಂಡಂದಿರಿಗೆ ಎಲ್ಲಿ ಸಹಿ ಹಾಕಬೇಕೆಂದು ಎಷ್ಟೋ ಸಲ ತೋರಿಸಿದ್ದ ಕಾಗದವದು, ನನಗೆ ಯಾರೂ ತೋರಿಸಬೇಕಾಗಲಿಲ್ಲ.

ಮನೆಗೆ ಬಂದ ಮೇಲೆ ಜನ ಬರುತ್ತಲೇ ಇದ್ದರು. ಚರ್ಚಿನ ಹೆಂಗಸರು ಪ್ರಾರ್ಥನೆ ಮಾಡಿ ಹೋದರು. ಅವರಲ್ಲಿ ಒಬ್ಬಳು ನನ್ನ ಕೈ ಹಿಡಿದು ಅತ್ತಳು. ಔರಾದದ ಸಹೋದ್ಯೋಗಿಯೂ ಬಂದರು, ಒಂದು ಚೀಲ ಬೆಟ್ಟದ ನೆಲ್ಲಿಕಾಯಿ ತಂದರು. ಕೂತು, ನಿಯಮಗಳಲ್ಲಿ ಎಲ್ಲೋ ಒಂದು ತಪ್ಪಿರಬೇಕು ಗುರುಗಳೇ, ಪೂರಾ ಪಾಲಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ನನ್ನ ಕೈಯಲ್ಲಿ ಚಹಾದ ತಟ್ಟೆಯಿತ್ತು. ಅದನ್ನು ಅವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಎಲ್ಲವನ್ನೂ ಪಾಲಿಸಿದ್ದಾರೆ, ಅದಕ್ಕೇ ಕಾಲು ಹೋಗಿದೆ, ಬರಿಗಾಲಲ್ಲಿ ನಡೆಯಿರಿ ಎಂದವರು ನೀವು ಎಂದು ನಾನು ಮುಖದ ಮೇಲೆಯೇ ಹೇಳಿದೆ. ಅವರು ಚಹಾ ಮುಟ್ಟದೆ ಎದ್ದು ಹೋದರು. ಮನೆಯವರು ಚಾರ್ಟಿನ ಕಡೆ ನೋಡುತ್ತಿದ್ದರು.

"ಒಂದು ತಪ್ಪೀನಿ" ಎಂದರು. ಯಾವುದು ಎಂದು ನಾನು ಕೇಳಿದೆ. ಅವರು ಹೇಳಲಿಲ್ಲ.

ಪಿಂಚಣಿ ಆಫೀಸಿಗೆ ಒಂದು ಕಾಗದ ಬೇಕಾಗಿ, ಕೆಲ ದಿನಗಳ ಮೇಲೆ ಅವರ ಟ್ರಂಕು ತೆಗೆದೆ. ಮೇಲೆಯೇ ಆ ನೋಟ್‌ಬುಕ್ ಇತ್ತು. ತೆರೆದು ನೋಡಿದೆ. ವಸಂತದಿಂದ ಪುಟ ತುಂಬ ಕೆಂಪು ಟಿಕ್. ಬೇವಿನ ರಸ, ಟಿಕ್. ಹಗಲು ನಿದ್ದೆ ಇಲ್ಲ, ಟಿಕ್. ಕುದಿಸಿದ ನೀರು, ಬೆಳದಿಂಗಳು, ಕಾಲುಚೀಲ, ಒಂದು ದಿನವೂ ಬಿಟ್ಟಿಲ್ಲ. ಹೇಮಂತದ ಪುಟದಲ್ಲಿ ಮೂರನೆಯ ಸಾಲು, ಪಾದಕ್ಕೆ ಎಳ್ಳೆಣ್ಣೆ. ಅದರ ಮುಂದೆ ಪುಟದ ಅಂಚಿನವರೆಗೂ ಒಂದೇ ಒಂದು ಟಿಕ್ ಇಲ್ಲ. ಸಾಲಿನ ಮೇಲೆ ಸ್ಕೇಲ್ ಹಿಡಿದು ಗೀಟು ಎಳೆದಿದ್ದರು. ಮಸಿಯಲ್ಲಿ ಬರೆದದ್ದನ್ನು ಹೊಡೆದರೆ ಪುಟ ಕೆಡುತ್ತದೆ ಅನ್ನುತ್ತಿದ್ದ ಮನುಷ್ಯ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಇದನ್ನು ಬಿಡುವುದು. ಆಕೆಗೆ ದಿನವಿಡೀ ಇದೇ ಕೆಲಸ. ಬೇಸರವಾಗುತ್ತದೆ.

ನಾನು ಟ್ರಂಕಿನ ಪಕ್ಕ ನೆಲದ ಮೇಲೆ ಕೂತೆ. ಆ ವರ್ಷವೆಲ್ಲ ಅವರು ನನ್ನ ಮಾತನ್ನು ಒಂದೇ ಒಂದು ಸಲ ಕೇಳಿದ್ದರು. ನಾನು ಹೇಳಿದ್ದರಲ್ಲಿ ಕೇಳಬಾರದಿದ್ದ ಮಾತು ಅದೊಂದೇ.

ಆ ನೋಟ್‌ಬುಕ್ ಓದಿದ್ದೇನೆಂದು ಅವರಿಗೆ ಹೇಳಿಲ್ಲ. ಇದ್ದಲ್ಲಿಯೇ ಇಟ್ಟಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಅವರು ಬೆಳಗ್ಗೆ ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡು ಮಾತಿಲ್ಲದೆ ನುಂಗುತ್ತಾರೆ, ಸೂಜಿಗೆ ಹೊಟ್ಟೆ ಚಾಚುತ್ತಾರೆ. ಅದನ್ನು ನೋಡಿದರೆ ನನಗೆ ಸಮಾಧಾನವಾಗುವುದಿಲ್ಲ. ಎದುರು ಮಾತಾಡುತ್ತಿದ್ದ ಗಂಡನೇ ಚೆನ್ನಾಗಿದ್ದ. ಚಾರ್ಟ್ ಗೋಡೆಯ ಮೇಲೆ ಹಾಗೇ ಇದೆ. ಅದರಲ್ಲಿ ಒಂದು ಸಾಲು ಸರಿ ಇದೆ, ಅದಕ್ಕೇ ಹರಿದಿಲ್ಲ.

ಹೊರಗೆ ಯಾವ ಋತುವಿದ್ದರೂ ಸಂಜೆ ನಾನು ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಿತ್ತಾಳೆ ಬಟ್ಟಲು ಹಿಡಿದು ಅವರ ಮುಂದೆ ನೆಲಕ್ಕೆ ಕೂರುತ್ತೇನೆ. ಕನ್ನಡಕ ಹಾಕಿಕೊಂಡು ಬಲಗಾಲಿನ ಅಂಗಾಲು ತಿರುಗಿಸಿ ನೋಡುತ್ತೇನೆ, ಹಿಮ್ಮಡಿ ನೋಡುತ್ತೇನೆ, ಐದೂ ಬೆರಳ ಸಂದು ಬಿಡಿಸಿ ಒರೆಸಿ ನೋಡುತ್ತೇನೆ. ಸಂದು ಬಿಟ್ಟು ಉಳಿದ ಕಡೆ ಎಣ್ಣೆ ಹಚ್ಚುತ್ತೇನೆ. ಒಂದೇ ಕಾಲು, ಬೇಗ ಮುಗಿಯಬೇಕು. ನಾನು ಮುಗಿಸುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡುತ್ತಾರೆ.

"ಸಾಕು ಬಿಡು. ನಿನಗ ಬ್ಯಾಸರ ಆಗ್ತದ" ಅನ್ನುತ್ತಾರೆ.

ನಾನು ಕಾಲನ್ನು ಮತ್ತೆ ನನ್ನ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯಿಂದ ಶುರು ಮಾಡುತ್ತೇನೆ.